ಬಸವ ಅಂದ್ರೆ ಹಿಗ್ಗು, ಎತ್ತು ಅಂದ್ರೆ ಸಿಟ್ಟು

ಅಲ್ರೀ, ಯಾರನ್ನಾದರೂ ಒಮ್ಮೆ 'ಎತ್ತು' ಅಂತ ಕರೆದು ನೋಡಿ, ತೋಳು ಮಡಚಿಕೊಂಡು ಜಗಳಕ್ಕೇ ಬರ್ತಾರೆ. ಅದೇ 'ಬಸವಾ' ಅನ್ನಿ, 'ಏನಣ್ಣಾ' ಅಂತ ನಗ್ತಾ ಬರ್ತಾರೆ. ಕೊಂಬು, ಬಾಲದಲ್ಲಿ ಅಂಥಾ ವ್ಯತ್ಯಾಸವೇನಿದೆ, ಅಲ್ವಾ?

ವೃಷಭ ನಮ್ಮ ಹಳ್ಳಿ ಬಾಯಿಗೆ ಬಿದ್ದು ಬಸವ ಆಯ್ತು. ಶಾಲೆಯಲ್ಲಿ ತತ್ಸಮ-ತದ್ಭವ ಅಂತ ಉರು ಹೊಡೆದಿದ್ದೇವಲ್ಲ, ಅದೇ. ಅಷ್ಟಕ್ಕೇ ಬಿಟ್ಟೆವಾ? ಬಸಪ್ಪ, ಬಸಣ್ಣ, ಬಸು. ಅವ್ವನಿಗೆ ಸಿಟ್ಟು ಬಂದರೆ ಬಸ್ಯಾ. ಹೆಣ್ಣುಮಕ್ಕಳಿಗೆ ಬಸವ್ವ, ಬಸಮ್ಮ. ಗೂಳಿಗೆ 'ಅಮ್ಮ' ಅಂಟಿಸಿದ್ದು ಯಾರಿಗೂ ವಿಚಿತ್ರ ಅನಿಸಿಲ್ಲ ನೋಡಿ! ಮಗುವಿಗೆ ಎರಡಕ್ಷರದ ಹೆಸರೇ ಬೇಕು ಅನ್ನೋರು ಇದ್ದಾರಲ್ಲ, 'ಬಸು' ಎರಡೇ ಅಕ್ಷರ, ಅವರ ಕಿವಿಗೆ ಹಾಕಿ ನೋಡಿ.

ಬಾಗೇವಾಡಿಯ ಮಾದಲಾಂಬಿಕೆಗೆ ನಂದಿಯ ವರದಿಂದ ಮಗ ಹುಟ್ಟಿದ, ಅದಕ್ಕೇ ಬಸವ ಅಂತ ಪುರಾಣದ ಮಾತು. ಆ ಮಗನೇ ಮುಂದೆ ನಮ್ಮ ಬಸವಣ್ಣನವರಾದದ್ದು. ದೇಗುಲ ಯಾಕೆ ಬೇಕು ಅಂದವರ ಹೆಸರಲ್ಲಿ ಈಗ ಎಷ್ಟು ಗುಡಿ, ಎಷ್ಟು ಜಾತ್ರೆ!

ನನಗೆ ಇಷ್ಟ ಬೆಂಗಳೂರಿನ ಬಸವನಗುಡಿಯ ಬಸವ. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯ್ತಿತ್ತಂತೆ, ರೈತ ದೊಣ್ಣೆಯಲ್ಲಿ ಬಾರಿಸಿದ, ಅಲ್ಲೇ ಕಲ್ಲಾಯ್ತು. ಕಲ್ಲಾದ ಮೇಲೂ ಬೆಳೀತಾನೇ ಇತ್ತಂತೆ! ಕಾರ್ತಿಕದ ಕಡೇ ಸೋಮವಾರ ಅದೇ ಕಳ್ಳನಿಗೆ ಕಡಲೆಕಾಯಿಯ ನೈವೇದ್ಯ, ಸುತ್ತ ಪರಿಷೆ. ನಮ್ಮ ಅತ್ತೆ ಪ್ರತಿ ವರ್ಷ ಸೇರುಗಟ್ಟಲೆ ತಂದು ಹಂಚೋರು, ಸಿಪ್ಪೆ ಗುಡಿಸೋ ಕೆಲಸ ಮಾತ್ರ ನನ್ನ ಪಾಲಿಗೆ. ಕದ್ದು ತಿಂದದ್ದೇ ನೈವೇದ್ಯ ಆಗೋ ಭಾಗ್ಯ ಬೇರೆ ಯಾವ ದೇವರಿಗಿದೆ ಹೇಳಿ? ಹಾಂ, ಬೆಣ್ಣೆಕೃಷ್ಣ ಇದ್ದಾನೆ ಬಿಡಿ.

ಇನ್ನು ಕೋಲೆಬಸವ. ಮೈಮೇಲೆ ಬಣ್ಣಬಣ್ಣದ ಬಟ್ಟೆ, ಯಜಮಾನ ಕೇಳಿದ್ದಕ್ಕೆಲ್ಲ ಹೂಂ ಅಂತ ತಲೆಯಾಡಿಸೋದೇ ಕಸುಬು. ಹೆಸರು ಅದೇ ಆದರೂ, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗೆ ಆ ಕಸುಬು ಮಾತ್ರ ಬರಲಿಲ್ಲ.

ಬಸವಲಿಂಗಪ್ಪನವರಿಗೂ ಬರಲಿಲ್ಲ, ಅಲ್ವಾ? 1973ರಲ್ಲಿ ರಾಜ್ಯದ ಮಂತ್ರಿಯಾಗಿದ್ದಾಗ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದುಬಿಟ್ಟರು. ಊರೂರಲ್ಲಿ ಗಲಾಟೆ, ಕಡೆಗೆ ಮಂತ್ರಿಗಿರಿಯೇ ಹೋಯ್ತು. ಅನ್ಯಾಯ ಕಣ್ರೀ! ಬೂಸಾ ಯಾವುದು ಅಂತ ಬಸವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?