ಕೋಡಿ-ತೂಬು ಮೀಮಾಂಸೆ

ಲಕ್ಷಣವನ್ನು ಹೇಳದೆ ವಸ್ತುವಿಚಾರಕ್ಕೆ ಕೈಹಾಕಬಾರದೆಂಬ ಹಿರಿಯರ ಸಂಪ್ರದಾಯಕ್ಕೆ ತಲೆಬಾಗಿ, ಚಿತ್ರದುರ್ಗ ಸೀಮೆಯ ಭೌತಶಾಸ್ತ್ರ ಸಂಶೋಧನಾರ್ಥಿಯ ಲಕ್ಷಣವನ್ನು ಮೊದಲು ನಿರೂಪಿಸುವೆವು. ಎಂ.ಎಸ್ಸಿ. ಮುಗಿದರೂ ಯಾವನ ಓದು ಮುಗಿದಿಲ್ಲವೋ, ಪಾಠ ಹೇಳಿದರೂ ಯಾವನಿಗೆ ಮೇಷ್ಟರ ಕೆಲಸ ಕಾಯಮ್ಮಾಗಿಲ್ಲವೋ, 'ಇನ್ನೂ ಎಷ್ಟು ವರ್ಷವಪ್ಪಾ?' ಎಂದು ಹಿರಿಯೂರಿನ ಸೋದರಮಾವನು ಕೇಳಿದಾಗಲೆಲ್ಲ 'ಇದೇ ವರ್ಷ, ಮಾವ' ಎಂದು ಪ್ರತಿವರ್ಷವೂ ಕುಗ್ಗದ ದೃಢತೆಯಿಂದ ಯಾವನು ಉತ್ತರಿಸಬಲ್ಲನೋ, ಅವನೇ ಸಂಶೋಧನಾರ್ಥಿ. ಇದರಲ್ಲಿ ಮೂರನೆಯ ವಿಶೇಷಣವು ಹೊಸಮನೆ ಕಟ್ಟಿಸುತ್ತಿರುವ ಆ ಮಾವನಿಗೂ ಅನ್ವಯಿಸಿ ಅತಿವ್ಯಾಪ್ತಿದೋಷಕ್ಕೆ ಎಡೆಗೊಡುವುದರಿಂದ, 'ಮಫಲ್ ಫರ್ನೇಸಿನ ಮುಂದೆ ಕುಳಿತಿರುವವನು' ಎಂಬ ಮತ್ತೊಂದು ವಿಶೇಷಣವನ್ನು ಸೇರಿಸಿಕೊಳ್ಳತಕ್ಕದ್ದು.

ಇನ್ನು ದೇಶಕಾಲವಿಚಾರ. ದುರ್ಗದ ಸೀಮೆಯ ವಿದ್ಯಾರ್ಥಿಗೆ ಮೊದಲು ಗತಿಯಾಗಿದ್ದುದು 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯ. ಆಮೇಲೆ 1987ರಲ್ಲಿ ಹುಟ್ಟಿದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ. ತರುವಾಯ 2009ರಲ್ಲಿ ಹುಟ್ಟಿದ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾನಿಲಯ. ಹೀಗೆ ವಿಶ್ವವಿದ್ಯಾನಿಲಯವೇ ವಿದ್ಯಾರ್ಥಿಯ ಕಡೆಗೆ ಹೆಜ್ಜೆಯಿಟ್ಟು ಬರುತ್ತಿರುವಾಗಲೂ ಪದವಿಯು ಮಾತ್ರ ಇದ್ದಷ್ಟೇ ದೂರದಲ್ಲಿರುವ ವೈಲಕ್ಷಣ್ಯವನ್ನು ನಾವು ಪದವಿಯ ಜಡತ್ವವೆಂದು ಕರೆಯುವೆವು. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷವೆಂದು ಯುಜಿಸಿಯ 2022ರ ನಿಯಮಾವಳಿ ವಿಧಿಸಿದೆ. ಇವುಗಳಲ್ಲಿ ಕನಿಷ್ಠವೆಂಬುದು ಸೊನ್ನೆ ಕೆಲ್ವಿನ್ ಉಷ್ಣತೆಯಂಥದು. ಅದನ್ನು ಸಮೀಪಿಸಬಹುದೇ ಹೊರತು ಮುಟ್ಟಲಾಗದು.

ದುರ್ಗದ ಕೋಟೆಗೆ ಏಳು ಸುತ್ತುಗಳಿರುವಂತೆಯೇ ಈ ಪದವಿಗೂ ಪ್ರವೇಶಪರೀಕ್ಷೆ, ಸಂದರ್ಶನ, ಕೋರ್ಸ್‌ವರ್ಕ್, ಆರು ತಿಂಗಳಿಗೊಮ್ಮೆಯ ಪ್ರಗತಿವರದಿ, ಪೇಪರ್, ಸಿನಾಪ್ಸಿಸ್, ವೈವಾ ಎಂಬ ಏಳು ಸುತ್ತುಗಳುಂಟು. ಬಾಗಿಲುಗಳನ್ನು ಒಂದೊಂದಾಗಿ ದಾಟುವ ತಾಳ್ಮೆಯಿಲ್ಲದವನು ಕಿಂಡಿಯನ್ನರಸಿ, ಹಿಂದಿನವರ ಪ್ರಬಂಧದ ಪುಟಗಳನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಯನ್ನು ಮುಂದೆಮಾಡಿ ತೆವಳತೊಡಗಿದನೆಂದರೆ ಹೈದರಾಲಿಯ ಸೈನಿಕರಿಗಾದ ಗತಿಯೇ ಅವನಿಗೂ ಆಗುವುದು. ಏಕೆಂದರೆ ಒನಕೆ ಹಿಡಿದು ಓಬವ್ವ ನಿಂತಿದ್ದ ಎಡೆಯಲ್ಲಿ ಈಗ ಕೃತಿಚೌರ್ಯವನ್ನು ಹಿಡಿಯುವ ತಂತ್ರಾಂಶವು ನಿಂತಿದೆ. ಯುಜಿಸಿಯ 2018ರ ನಿಯಮದಂತೆ ಶೇಕಡಾ 10ರವರೆಗಿನ ಹೋಲಿಕೆಯನ್ನು ಇದು ಮನ್ನಿಸುವುದು. ಓಬವ್ವನಲ್ಲಿ ಅಂಥ ದಾಕ್ಷಿಣ್ಯವಿರಲಿಲ್ಲ.

ಅನಂತರದ್ದು ಕರ್ಮಕಾಂಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರ ಬಳಗವು 1988ರಲ್ಲಿ ಪ್ರಕಟಿಸಿದ ದಹನವಿಧಾನದಂತೆ, ಅಲ್ಯೂಮಿನಿಯಂ ನೈಟ್ರೇಟನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ 500 ಡಿಗ್ರಿ ಸೆಲ್ಸಿಯಸ್ ಕಾದ ಕುಲುಮೆಯಲ್ಲಿಟ್ಟರೆ, ದ್ರಾವಣವು ಕುದಿದು, ನೊರೆಯುಕ್ಕಿ, ಭಗ್ಗನೆ ಹೊತ್ತಿ, ಐದಾರು ನಿಮಿಷಗಳಲ್ಲಿ ಮಂಡಕ್ಕಿಯಂತೆ ಅರಳಿದ ಹಗುರವಾದ ಆಕ್ಸೈಡು ಕೈಸೇರುವುದು. ಹೊಳಲ್ಕೆರೆಯ ರೈತನು ಇದೇ ಯೂರಿಯಾವನ್ನು ಮೆಕ್ಕೆಜೋಳಕ್ಕೆ ಚೆಲ್ಲಿ ನಾಲ್ಕು ತಿಂಗಳಲ್ಲಿ ತೆನೆಯನ್ನು ಕಾಣುವನು. ಅವನ ಮಗನಾದರೋ ಐದು ನಿಮಿಷದಲ್ಲಿ ಪುಡಿಯನ್ನು ಕಂಡು, ಅದರ ಎಕ್ಸ್‌ಆರ್‌ಡಿ ಎಂಬ ಕ್ಷಕಿರಣ ಪರೀಕ್ಷೆಗಾಗಿ ನಾಲ್ಕು ತಿಂಗಳು ಸರದಿಯಲ್ಲಿ ನಿಲ್ಲುವನು. ಕೊನೆಗೆ ಬಂದ ಗೆರೆಗಳ ಅಗಲವನ್ನಳೆದು, 1918ರ ಶೆರರ್ ಸೂತ್ರಕ್ಕೆ ತುಂಬಿ, ಕಣದ ಗಾತ್ರ ಇಷ್ಟು ನ್ಯಾನೋಮೀಟರೆಂದು ಭಯಭಕ್ತಿಯಿಂದ ಒಪ್ಪಿಸಿದಾಗ, ಗೈಡ್ ಮಹಾಶಯರು ಕನ್ನಡಕವನ್ನು ಮೇಲೇರಿಸಿ, 'ಇನ್ನೊಂದು ಸ್ಯಾಂಪಲ್ ಮಾಡಿ ನೋಡಪ್ಪ' ಎಂಬ ಮಹಾವಾಕ್ಯವನ್ನು ಉಪದೇಶಿಸುವರು.

ಈಗ ಮುಖ್ಯ ವಿವಾದ. ಹೊಸದುರ್ಗದ ಸೀಮೆಯನ್ನು ಹಾದುಬರುವ ವೇದಾವತಿಗೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಅಡ್ಡಗಟ್ಟಿ 1907ರಲ್ಲಿ ಪೂರೈಸಿದ ವಾಣಿವಿಲಾಸ ಸಾಗರವು, 130 ಅಡಿ ತುಂಬಿ ಕೋಡಿ ಬಿದ್ದುದು 1933ರಲ್ಲಿ, ಸಿ.ವಿ. ರಾಮನ್ನರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದುದೂ ಅದೇ ವರ್ಷ. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲವೆಂದು ಪಾಮರರು ಹೇಳಿಯಾರು. ಎರಡೇ ಬಿಂದುಗಳ ನಡುವೆ ಸರಳರೇಖೆಯನ್ನೆಳೆದು ಪೇಪರ್ ಬರೆದವರನ್ನು ಕಂಡಿರುವ ನಾವು ಅಷ್ಟು ದುಡುಕಲಾರೆವು. ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರಲ್ಲಿ. ಅದೂ ಮಹಾವೃಷ್ಟಿಯ ಜೊತೆಗೆ ಭದ್ರೆಯಿಂದ ಎತ್ತಿ ಹರಿಸಿದ ನೀರು ಕೋ-ಗೈಡಿನಂತೆ ಕೈಜೋಡಿಸಿದ್ದರಿಂದ.

ಇಲ್ಲಿ ಕೋಡಿವಾದಿಗಳ ಪೂರ್ವಪಕ್ಷ: ಜಲಾಶಯಕ್ಕೆ ಕೋಡಿಯೇ ಪರಮಪುರುಷಾರ್ಥ, ಸಂಶೋಧನಾರ್ಥಿಗೆ ಡಾಕ್ಟರೇಟೇ ಪರಮಪುರುಷಾರ್ಥ; ಅದು ಸಿದ್ಧಿಸುವವರೆಗೆ ಇಬ್ಬರೂ ಬರಿದೆ ನಿಂತ ನೀರು. ಮಾವನೂ ಈ ಮತದವನೇ.

ತೂಬುವಾದಿಗಳ ಸಿದ್ಧಾಂತವು ಹೀಗಿದೆ: ಕೋಡಿ ಬೀಳದ ಆ 89 ವರ್ಷಗಳಲ್ಲಿ ಹಿರಿಯೂರಿನ ತೆಂಗು ಅಡಕೆಗಳು ಕುಡಿದುದು ಯಾವ ನೀರನ್ನು? ತೂಬಿನಿಂದ ಇಳಿದು ನಾಲೆಯಲ್ಲಿ ಸದ್ದಿಲ್ಲದೆ ಹರಿದ ನೀರನ್ನಲ್ಲವೆ? ನಡುವೆ ಕೆಲವೊಮ್ಮೆ ತೋಟಗಳು ಒಣಗಿದುದುಂಟು. ಅವು ಒಣಗಿದುದು ಕೋಡಿ ಬೀಳದ್ದರಿಂದಲ್ಲ, ತೂಬು ಬತ್ತಿದ್ದರಿಂದ. ಹಾಗೆಯೇ, ವಾರಕ್ಕೆ ಕೆಲವು ದಿನ ಹೊಳಲ್ಕೆರೆಗೆ ಬಸ್ಸು ಹಿಡಿದು ಹೋಗಿ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳುವ ನಮ್ಮ ಸಂಶೋಧನಾರ್ಥಿಯು, 'ಹಗಲು ನೀಲಿಯಾಗಿರೋ ಆಕಾಶ ಸಂಜೆ ಯಾಕೆ ಸಾರ್ ಕೆಂಪಾಗುತ್ತೆ?' ಎಂದು ಬಿ.ಎಸ್ಸಿ. ಹುಡುಗಿಯೊಬ್ಬಳು ಕೇಳಿದಾಗ, ಸೀಮೆಸುಣ್ಣ ತೀರುವವರೆಗೂ ಕರಿಹಲಗೆಯ ಮೇಲೆ ಚಿತ್ರ ಬರೆದು ಬಿಡಿಸಿ ಹೇಳುವನಷ್ಟೆ. ಇದಕ್ಕೆ ಯಾವ ಸಿನಾಪ್ಸಿಸ್ಸಿನಲ್ಲಿಯೂ ಸ್ಥಳವಿಲ್ಲ, ಆದರೆ ನೀರು ಹರಿದುದಂತೂ ನಿಶ್ಚಯ.

ಈ ಸಿದ್ಧಾಂತವನ್ನು ಅವನು ಹಿರಿಯೂರಿನ ತೋಟದಲ್ಲಿ ಮಾವನ ಮುಂದೆ ಸಾಂಗವಾಗಿ ಮಂಡಿಸಿದನು. ಮಾವನು ಒಂದು ಗರಿಯನ್ನೆತ್ತಿ ಬದಿಗಿಟ್ಟು, ಒಣಗಿದ ಕಾಲುವೆಯನ್ನು ನೋಡುತ್ತ, ಬಹಳ ಹೊತ್ತಿನ ಮೇಲೆ ಹೇಳಿದನು: 'ಅದೆಲ್ಲ ಸರಿ ಅಳಿಯ, ನಾಲೆಗೆ ನೀರು ಯಾವತ್ತು ಬಿಡ್ತಾರೆ? ಅದನ್ನ ಮೊದಲು ಕಂಡುಹಿಡಿದು ಹೇಳು.'