ಮಿಸ್ತ್ರಿ ಮುಂದೆ ಬಾಯಿ ಬಿಡದ ಸಪ್ಪಳ

ಅನಗವಾಡಿಯಲ್ಲಿ ಮಗಳ ಮದುವೆ ಮಾತುಕತೆಯನ್ನು ಒಂದು ವಾರ ಮುಚ್ಚಿಡಬಹುದು, ಸೊಸೈಟಿಯ ಸಾಲವನ್ನು ಒಂದು ವರ್ಷ ಮುಚ್ಚಿಡಬಹುದು. ಹಳೇ ಕಾರಿನ ಸಪ್ಪಳವನ್ನು ಮಾತ್ರ ಒಂದು ಮುಂಜಾನೆಯೂ ಮುಚ್ಚಿಡಲಾಗದು. ಕೀಲಿ ತಿರುವಿದ್ದೇ ತಡ, ಕಟ್ಟೆಯ ಮೇಲೆ ಕೂತವರು ತಲೆ ಎತ್ತುತ್ತಾರೆ. ಗಾಡಿ ಓಣಿ ದಾಟುವುದರೊಳಗೆ ರೋಗ ಯಾವುದು, ಖರ್ಚು ಎಷ್ಟು, ಯಾರ ಕಡೆ ಹೋಗಬೇಕು, ಎಲ್ಲ ತೀರ್ಮಾನವಾಗಿರುತ್ತದೆ.

“ಶಾಕಪ್ ಹೋಗ್ಯಾವ್ರೀ ಮಾಸ್ತರ್ರ.”

“ಶಾಕಪ್ ಎಲ್ಲೀದೋ? ಅದು ಬಾಲ್ ಜಾಯಿಂಟ್. ನಮ್ಮ ಮಾವನ ಗಾಡಿ ಹಿಂಗ ಒದರತಿತ್ತು.”

“ಮಾರಿಬಿಡ್ರಿ ಸರ. ಗಿರಾಕಿ ನನ್ನ ಕಡೆ ಅದಾನ.”

ಈ ಮೂರನೆಯವನು ಟೈರಿನ ಗಾಳಿ ಇಳಿದರೂ ಇದನ್ನೇ ಹೇಳುವವನು. ನನ್ನ ಕಾರಿಗೆ ವಯಸ್ಸಾಗಿದೆ, ಒಪ್ಪಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಮುಪ್ಪಿನಲ್ಲಿ ಮೊಣಕಾಲು ನೋಯುತ್ತದೆಂದು ಹೆತ್ತ ತಾಯಿಯನ್ನು ಯಾರಾದರೂ ಬಯ್ಯುತ್ತಾರೇನು?

ಅಂಬಾಸಡರ್ ಕಾಲದಲ್ಲಿ ಈ ರಗಳೆ ಇರಲಿಲ್ಲ. ಬಂಗಾಳದ ಉತ್ತರಪಾಡಾ ಕಾರ್ಖಾನೆಯಿಂದ 2014ರವರೆಗೂ ಹೊರಬಂದ ಆ ಮಹಾರಾಜನ ಬಗ್ಗೆ ಹಳೇ ಚೇಷ್ಟೆಯೊಂದಿದೆ: ಹಾರ್ನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಪ್ಪಳ ಮಾಡುತ್ತದಂತೆ. ಆದ್ದರಿಂದಲೇ ಅದರ ಮಾಲೀಕನಿಗೆ ಸುಖ. ಹೊಸದೊಂದು ಸಪ್ಪಳ ಬಂದು ಸೇರಿಕೊಂಡರೂ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇನ್ನೊಂದು ತುದಿಯಲ್ಲಿ, 1958ರಲ್ಲಿ ಡೇವಿಡ್ ಓಗಿಲ್ವಿ ಎಂಬ ಜಾಹೀರಾತಿನ ಜಾಣ ರೋಲ್ಸ್ ರಾಯ್ಸ್ ಬಗ್ಗೆ ಬರೆದ: ಗಂಟೆಗೆ 60 ಮೈಲಿ ಓಡುವಾಗ ಒಳಗೆ ಕೇಳುವ ದೊಡ್ಡ ಸದ್ದು ಅದರ ಗಡಿಯಾರದ್ದು ಅಂತ. ಆ ಪುಣ್ಯಾತ್ಮ ಕಬ್ಬಿನ ಹಂಗಾಮಿನಲ್ಲಿ ನಮ್ಮ ಘಟಪ್ರಭಾ ಸೇತುವೆಯ ಮೇಲೆ, ಎರಡು ಟ್ರೇಲರ್ ಎಳೆದುಕೊಂಡು ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ಒಂದು ಸಲ ಬರಬೇಕಿತ್ತು. ಗಡಿಯಾರ ಹಾಗಿರಲಿ, ಪಕ್ಕದಲ್ಲಿ ಕೂತ ಹೆಂಡತಿಯ ಮಾತೂ ಕೇಳುತ್ತಿರಲಿಲ್ಲ. ಕೆಲವರು ಹಂಗಾಮು ಮುಗಿಯಬಾರದು ಎನ್ನುವುದು ಇದಕ್ಕೇ ಇರಬೇಕು.

ನನ್ನ ಕಾರಿನದು ಝಣಝಣ ಸಪ್ಪಳ. ಮೊದಲು ಡಿಕ್ಕಿ ಖಾಲಿ ಮಾಡಿಸಿದೆವು. ಜಾಕು, ಪಾನಾ, ಮುಗಿದುಹೋದ ಮದುವೆಯೊಂದರ ಹಂಚದೇ ಉಳಿದ ಲಗ್ನಪತ್ರಿಕೆಗಳು, ಕೂಡಲಸಂಗಮಕ್ಕೆ ಹೋದಾಗ ಒಡೆಯಬೇಕಿದ್ದ ಕಾಯಿ, ಮನೆಯಲ್ಲಿ ಕಳುವಾಯಿತೆಂದು ಯಾರ ಯಾರ ಮೇಲೋ ಸಂಶಯಪಟ್ಟಿದ್ದ ಹಿತ್ತಾಳೆ ಚರಿಗೆ, ಎಲ್ಲ ಹೊರಬಂದವು. ಸಪ್ಪಳ ಬರಲಿಲ್ಲ, ಅಂದರೆ ಹೊರಗೆ ಬರಲಿಲ್ಲ; ಒಳಗೇ ಉಳಿಯಿತು. ಮನೆಯಾಕೆ ಹಿಂದಿನ ಸೀಟಿನಲ್ಲಿ ಕಿವಿಗೊಟ್ಟು ಕೂತು “ಮುಂದಿಂದ ಬರಾಕತೈತಿ” ಎಂದಳು. ಮಗ ಮುಂದೆ ಕೂತು “ಹಿಂದಿಂದ” ಎಂದ. ಇಬ್ಬರ ಕಿವಿಯೂ ಚೊಕ್ಕ ಇದೆ. ಕಾರಿನ ಮೈಯೆಲ್ಲ ತೆಳು ಉಕ್ಕು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಶಬ್ದ ಉಕ್ಕಿನಲ್ಲಿ 5,000 ಮೀಟರ್ ದಾಟಿ ಓಡುತ್ತದೆ. ಹುಟ್ಟಿದ್ದು ಒಂದು ಕಡೆ, ಮೈದೋರುವುದು ಇನ್ನೆಲ್ಲೋ. ಹುಡುಕಲಿಕ್ಕೆ ಮುಧೋಳ ನಾಯಿ ಬಿಡ್ರಿ ಎಂದು ಕಟ್ಟೆಯವರು ನಕ್ಕರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಮೆರೆದ ನಾಯಿ ಅದು, ಮರ್ಯಾದೆ ಇರಲಿ. ಅದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಜಾತಿ. ಕಣ್ಣಿಗೆ ಬೀಳದ ಸಪ್ಪಳದ ಹಿಂದೆ ಬಿಟ್ಟರೆ ಪಾಪ, ನನ್ನ ಹಿಂದೆಯೇ ಓಡೀತು.

ಹೆದ್ದಾರಿ ಹಿಡಿದು ಗ್ಯಾರೇಜಿಗೆ ಹೋದೆ. ಗಾಡಿ ನಿಂತದ್ದೇ ಸಪ್ಪಳ ಬಂದ್. ಮನೆಯಲ್ಲಿ ಹಟ ಮಾಡಿ ಮಾಸ್ತರ ಮುಂದೆ ಕೈಕಟ್ಟಿ ನಿಲ್ಲುವ ಹುಡುಗರನ್ನು ನಾನು ಸಾಕಷ್ಟು ನೋಡಿದ್ದೇನೆ, ಆದರೆ ಯಂತ್ರಕ್ಕೂ ಆ ಬುದ್ಧಿ ಇದೆಯೆಂದು ಗೊತ್ತಿರಲಿಲ್ಲ. ಮಿಸ್ತ್ರಿ ಬಾನೆಟ್ ಎತ್ತಿದ, ಇಳಿಸಿದ, ನನ್ನ ಮುಖವನ್ನೂ ಒಂದು ಸಲ ಪರೀಕ್ಷೆ ಮಾಡಿದ. “ಎಲ್ಲೈತ್ರೀ ಸಪ್ಪಳ?” ಜಾಕು ಕೊಟ್ಟು ಗಾಲಿ ಅಲ್ಲಾಡಿಸಿ ನೋಡಿದ. ಬರಿಗೈಯಲ್ಲಿ ಕಳಿಸಬಾರದೆಂಬ ಸೌಜನ್ಯಕ್ಕೆ ಒಂದೆರಡು ರಬ್ಬರ್ ಬುಶ್ ಬದಲಿಸಿದ. ಬುಶ್ ಸವೆದಿದ್ದೂ ನಿಜವೇ. ಆದರೆ ಮರುದಿನ ಮುಂಜಾನೆ ಕೀಲಿ ತಿರುವಿದರೆ ಝಣಝಣ! ಕಟ್ಟೆಯಿಂದ “ಹೇಳಿದ್ನಿಲ್ಲೋ, ಬಾಲ್ ಜಾಯಿಂಟ್” ಎಂಬ ಗೆಲುವಿನ ದನಿ.

ಈ ಗಂಟು ಬಿಡಿಸಿದವನು ಗ್ಯಾರೇಜಿನವನಲ್ಲ, ಬನಹಟ್ಟಿಯ ನಮ್ಮ ಷಡ್ಡಕ. ಅವನದು ಪವರ್‌ಲೂಮು. ಅವನ ಶೆಡ್ಡಿನೊಳಗೆ ಕಾಲಿಟ್ಟರೆ ನಮಗೆ ಎದುರಿನವನ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ. ಅವನಿಗೆ ಮಾತ್ರ ಆ ಗದ್ದಲದ ನಡುವೆಯೂ, ಮೂಲೆಯ ಮಗ್ಗದಲ್ಲಿ ಲಾಳಿ ತಾಳ ತಪ್ಪಿದ್ದು ಚಹಾ ಕುಡಿಯುತ್ತಲೇ ತಿಳಿಯುತ್ತದೆ. ರಬಕವಿ-ಬನಹಟ್ಟಿಯವರ ಕಿವಿಯನ್ನು ದೇವರು ಬೇರೆ ಮಣ್ಣಿನಲ್ಲಿ ಮಾಡಿದ್ದಾನೆ. ಬೀಳಗಿ, ಜಮಖಂಡಿ ದಾಟಿ ಅವನ ಮನೆ ಮುಟ್ಟಿದರೆ ಕಾರು ಎಂದಿನಂತೆ ಮೌನವ್ರತ. ನಾನು ಎಲ್ಲೆಲ್ಲಿಂದ ಸಪ್ಪಳ ಬರುತ್ತದೆಂದು ಪಾಠ ಶುರುಮಾಡಿದೆ.

“ಎಲ್ಲಿ ಅನ್ನೂದು ಬಿಡ್ರಿ ಅಣ್ಣಾರ. ಯಾವಾಗ ಬರತೈತಿ, ಅದನ್ನ ಹೇಳ್ರಿ.”

ಊರಿಗೆ ಊರೇ ಇಷ್ಟು ಮಾತಾಡಿತ್ತು, ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ತೆಗ್ಗಿನಲ್ಲಿ ಇಳಿದಾಗ ಮಾತ್ರ ಬಂದರೆ ಶಾಕಪ್ಪು, ಬುಶ್ಶು, ಬಾಲ್ ಜಾಯಿಂಟುಗಳ ಕಡೆ ನೋಡಬೇಕು. ಸ್ಟೇರಿಂಗ್ ಪೂರ್ತಿ ತಿರುವಿದಾಗ ಟಕ್ ಟಕ್ ಎಂದರೆ ಮುಂದಿನ ಎಕ್ಸಲ್ ಜಾಯಿಂಟು. ಕ್ಲಚ್ ಒತ್ತಿದಾಗ ದನಿ ಬದಲಾದರೆ ಕ್ಲಚ್ ಬೇರಿಂಗು. ನನ್ನದು ನಿಂತಲ್ಲೇ ಬರುತ್ತದೆ, ಮುಂಜಾನೆ ಬರುತ್ತದೆ, ಎಕ್ಸಲರೇಟರ್ ಸ್ವಲ್ಪ ಒತ್ತಿದರೆ ಮಾಯ, ಒಂದಷ್ಟು ದೂರ ಓಡಿದ ಮೇಲೆ ಪೂರಾ ಮಾಯ.

“ಹಂಗಾದ್ರ ಗಾಡಿ ಆರಲಿ. ರಾತ್ರಿ ಇಲ್ಲೇ ಇರ್ರಿ” ಎಂದ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮುಗಿಸಿ ಮಲಗಿದೆವು. ಕೋಳಿ ಕೂಗುವ ಹೊತ್ತಿಗೆ ಎಬ್ಬಿಸಿದ. ತಣ್ಣಗಿನ ಎಂಜಿನ್ ಚಾಲೂ ಮಾಡಿದರೆ ಝಣಝಣ! ಬಂಧುಗಳ ಎದುರು ಮಾನ ಉಳಿಯಿತೆಂದು ನನಗೆ ಖುಷಿ. ಅವನು ನೆಲಕ್ಕೆ ಗೋಣಿಚೀಲ ಹಾಸಿ ಬಗ್ಗಿದ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಲ್ಲಿ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದ. ಆಮೇಲೆ ಕೋಲಿನಿಂದ ಹೊಗೆಕೊಳವೆಯ ಸುತ್ತಲಿನ ತಗಡನ್ನು ಒತ್ತಿದ. ಸಪ್ಪಳ ನಿಂತಿತು. ಕೋಲು ತೆಗೆದ, ಝಣ. ಒತ್ತಿದ, ಗಪ್. ಮಕ್ಕಳು ಇನ್ನೊಮ್ಮೆ, ಇನ್ನೊಮ್ಮೆ ಎಂದರು.

ಬಿಸಿ ಕೊಳವೆಯ ಕಾವು ಕಾರಿನ ತಳಕ್ಕೆ ತಟ್ಟದಿರಲೆಂದು ಸುತ್ತ ಕಟ್ಟುವ ತೆಳು ತಗಡು ಅದು. ಬೋಲ್ಟಿನ ಬುಡ ತುಕ್ಕು ತಿಂದು ಸಡಿಲಾಗಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ಸಲ ಗುದ್ದುತ್ತದೆ. ಆ ಕಂಪನ ಸಡಿಲು ತಗಡಿಗೆ ಹಿಡಿಸಿದರೆ ಅದು ಕುಣಿಯುತ್ತದೆ, ವೇಗ ಬದಲಾದರೆ ಸುಮ್ಮನಾಗುತ್ತದೆ. ಮುಖ್ಯ ಚೇಷ್ಟೆ ಬೇರೆ. ಕಾದರೆ ಲೋಹ ಹಿಗ್ಗಿ ಸಂದು ಮುಚ್ಚುತ್ತದೆ. ಮಿಸ್ತ್ರಿಗೆ ತೋರಿಸಲೆಂದು ನಾನು ಓಡಿಸಿಕೊಂಡು ಹೋಗುವ ದಾರಿಯೇ ಸಪ್ಪಳದ ಬಾಯಿ ಮುಚ್ಚುತ್ತಿತ್ತು!

“ಕಿತ್ತು ಒಗದ್ರ ಆತಲ್ಲ” ಎಂದ ಪಕ್ಕದ ಮನೆಯವ. ಷಡ್ಡಕ ಗದರಿದ: “ಕಬ್ಬಿನ ಊರಾಗ ರವದಿ ಮ್ಯಾಲ ಗಾಡಿ ನಿಲ್ಲಸ್ತಾರ. ಕಾದ ಕೊಳವಿ ತಾಗಿದ್ರ ಗಾಡೀನೂ ಇಲ್ಲ, ಹೊಲಾನೂ ಇಲ್ಲ.” ಸ್ಕ್ರೂ ತಿರುವಿ ಬಿಗಿಯುವ ಉದ್ದನೆಯ ಉಕ್ಕಿನ ಕ್ಲಿಪ್ಪೊಂದನ್ನು ತಗಡಿನ ಸುತ್ತ ಹಾಕಿ ಬಿಗಿದ. ಒಂದು ಚಹಾ ಆರುವಷ್ಟರೊಳಗೆ ಕೆಲಸ ಮುಗಿಯಿತು.

ಊರಿಗೆ ಬಂದು ಸುದ್ದಿ ಹೇಳಿದರೆ ಕಟ್ಟೆಯವರಲ್ಲಿ ಯಾರೂ ಸೋತಿಲ್ಲ. ಶಾಕಪ್ ಎಂದವನೂ ಅದೇ ತಗಡಿನ ಬಗ್ಗೆ ಹೇಳಿದ್ದನಂತೆ, ಬಾಲ್ ಜಾಯಿಂಟಿನವನೂ ಅದೇ. ಗಿರಾಕಿ ತರುವವ ಮಾತ್ರ “ಈಗ ರೇಟ್ ಚಲೋ ಬರತೈತಿ ಸರ” ಎಂದ.

ಮರುದಿನ ಮುಂಜಾನೆ ಸದ್ದಿಲ್ಲದೆ ಗಾಡಿ ತೆಗೆದುಕೊಂಡು ಸಾಲಿಗೆ ಹೋದೆ. ಸಂಜೆ ಬಂದಾಗ ಓಣಿಯ ಆಯಿ ಬಾಗಿಲಲ್ಲೇ ಅಡ್ಡ ನಿಂತಿದ್ದಳು. ಝಣಝಣ ಕೇಳಿದ ಮೇಲೆ ಚೀಲ ಎತ್ತಿಕೊಂಡು ಓಣಿಯ ಬಾಯಿಗೆ ಬಂದು ನಿಂತರೆ ಬೀಳಗಿ ಸಂತೆಗೆ ಪುಕ್ಕಟೆ ಸವಾರಿ, ಅದು ಅವಳ ರೂಢಿ. ಅವತ್ತು ನಾನು ಹೋದದ್ದೇ ಗೊತ್ತಾಗದೆ ಸಂತೆ ತಪ್ಪಿತ್ತು.

“ಯಾವನೋ ತಮ್ಮಾ ಆ ತಗಡು ಬಿಗಿದಾಂವ? ನಾಳೆ ಹೋಗಿ ಸಡ್ಲ ಮಾಡಿಸ್ಕೊಂಡು ಬಾ!”