ಹಬೆಯಾಚೆಯ ಅಮ್ಮನವರಿಗೊಂದು ದೂರು

ಇವರಿಗೆ,
ಕೌಂಟರಿನ ಹಿಂದೆ ನಿಂತಿರುವ ಅಮ್ಮನವರು,
ಡಿಮ್ ಸಮ್ ಪಾರ್ಸೆಲ್ ಅಂಗಡಿ (ಹೆಸರು ಬೇಡ),
ಸ್ಟಾಕ್‌ಟನ್ ಬೀದಿ, ಚೈನಾಟೌನ್, ಸ್ಯಾನ್ ಫ್ರಾನ್ಸಿಸ್ಕೊ.

ವಿಷಯ: ನನ್ನ ದಿನ ಹೇಗಿದೆಯೆಂದು ಒಮ್ಮೆಯೂ ವಿಚಾರಿಸದಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮಲೆನಾಡಿನವನಾದ ನಾನು ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ಕಾಫಿ ಅಂಗಡಿಯ ಹುಡುಗ, ಬ್ಯಾಂಕಿನ ಹುಡುಗಿ, ಹಲ್ಲು ಕೀಳುವ ಡಾಕ್ಟರು, ಯಾರ ಎದುರು ಹೋಗಿ ನಿಂತರೂ ಮೊದಲು ನಕ್ಕಿದ್ದಾರೆ, ಆಮೇಲೆ ನನ್ನ ದಿನ ಹೇಗೆ ಸಾಗಿದೆಯೆಂದು ಕೇಳಿದ್ದಾರೆ. ಹೇಳತೊಡಗಿದರೆ ಕೇಳಿಸಿಕೊಳ್ಳುವುದಿಲ್ಲ, ಅದು ಬೇರೆ ಮಾತು. ನೀವು ಮಾತ್ರ ಇಂದಿನವರೆಗೆ ಎರಡೇ ಪ್ರಶ್ನೆ ಕೇಳಿದ್ದೀರಿ. ಒಂದು, 'ನೆಕ್ಸ್ಟ್?' ಇನ್ನೊಂದು, 'ಹೌ ಮೆನಿ?' ಮೊದಲನೆಯದು ಪ್ರಶ್ನೆಯೇ ಅಲ್ಲವೆಂದು ನನ್ನ ಹೆಂಡತಿಯ ಅಭಿಪ್ರಾಯ.

ನಿಮಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಬಹಿರಂಗ ಪತ್ರ ಮಾಡಿದ್ದೇನೆ.

ಮೊದಲ ದಿನದಿಂದಲೇ ಶುರುಮಾಡುತ್ತೇನೆ. ನನ್ನ ಆಫೀಸು ಕೆಳಗಡೆ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನ ಗಾಜಿನ ಕಟ್ಟಡಗಳ ನಡುವೆ. ಅಲ್ಲಿ ಮಧ್ಯಾಹ್ನದ ಊಟವೆಂದರೆ ಹದಿನೇಳು ಡಾಲರಿನ ಸೊಪ್ಪು. ಅದನ್ನು ತಿಂದು ತಿಂದು ಒಂದು ದಿನ ರೋಸಿಹೋಗಿ ಗುಡ್ಡ ಹತ್ತಿ ನಿಮ್ಮ ಬೀದಿಗೆ ಬಂದೆ. ಒಂದು ಕಾರು ನಿಲ್ಲಿಸುವಷ್ಟು ಅಗಲದ ಅಂಗಡಿ. ಗಾಜಿನ ಪೆಟ್ಟಿಗೆ, ಒಂದರ ಮೇಲೊಂದು ಪೇರಿಸಿದ ಹಬೆಪಾತ್ರೆಗಳು, ಕೂರಲು ಒಂದು ಸ್ಟೂಲೂ ಇಲ್ಲ. ನಾನು ಸಭ್ಯನಾಗಿ ಸಾಲಿನ ಕೊನೆ ಹುಡುಕಿ ನಿಂತೆ. ಐದು ನಿಮಿಷವಾದ ಮೇಲೆ ಗೊತ್ತಾಯಿತು, ಅಲ್ಲಿ ಸಾಲೇ ಇರಲಿಲ್ಲ. ಸಾಲಿನಂತೆ ಕಂಡದ್ದು ಬಸ್ಸಿಗೆ ಕಾಯುತ್ತಿದ್ದವರ ಗುಂಪು.

ಆಮೇಲೆ ಒಳಗೆ ನುಗ್ಗಿದೆ. ನಿಮ್ಮೂರಿನ ಅಜ್ಜಿಯರು, ಒಬ್ಬೊಬ್ಬರೂ ನನ್ನ ಎದೆಯ ಎತ್ತರವೂ ಇಲ್ಲ, ತರಕಾರಿ ತುಂಬಿದ ಗುಲಾಬಿ ಚೀಲಗಳೊಂದಿಗೆ ನನ್ನ ಮೊಣಕೈ ಕೆಳಗಿಂದ ತೂರಿ ಮುಂದೆ ಹೋದರು. ಕೆಂಪು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ ವಂಶದವನು ನಾನು. ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಕಲಿತ ಆ ವಿದ್ಯೆಯೆಲ್ಲ ಈ ದೇಶದ 'ಆಫ್ಟರ್ ಯೂ'ಗಳಲ್ಲಿ ಕರಗಿಹೋಗಿದ್ದು ಅವತ್ತು ತಿಳಿಯಿತು. ಕೊನೆಗೂ ನಿಮ್ಮ ಎದುರು ತಲುಪಿದಾಗ ನೀವು 'ನೆಕ್ಸ್ಟ್' ಎಂದಿರಿ. ನಾನು ನಕ್ಕೆ. 'ಹಾಯ್, ಹೌ ಆರ್ ಯೂ' ಎಂದೆ. ನೀವು ನನ್ನ ಹಿಂದಿದ್ದವಳ ಕಡೆ ನೋಡಿ ಮತ್ತೆ 'ನೆಕ್ಸ್ಟ್' ಎಂದಿರಿ. ಯಾವ ಆಫೀಸಿನಲ್ಲೂ, ಯಾವ ವೀಸಾ ಕಿಟಕಿಯಲ್ಲೂ ನನ್ನ ಕೇಸು ಅಷ್ಟು ಬೇಗ ಇತ್ಯರ್ಥವಾಗಿರಲಿಲ್ಲ.

ಎರಡನೆಯ ಸಲ ತಯಾರಿ ಮಾಡಿಕೊಂಡು ಬಂದೆ. ಸೀಗಡಿ ತುಂಬಿದ ಪುಟ್ಟ ಕಡುಬಿಗೆ 'ಹಾ ಗಾವ್' ಎನ್ನುತ್ತಾರೆಂದು ಕಲಿತು, ವಿಡಿಯೊ ನೋಡಿ, ಬಚ್ಚಲಲ್ಲಿ ಎರಡು ದಿನ ಅಭ್ಯಾಸ ಮಾಡಿದೆ. ಕ್ಯಾಂಟನೀಸಿನಲ್ಲಿ ಆರು ಸ್ವರಗಳಂತೆ. ನಾನು ಏಳನೆಯದೊಂದನ್ನು ಕಂಡುಹಿಡಿದಿರಬೇಕು. ನೀವು ಒಂದು ಕ್ಷಣ ನನ್ನನ್ನು ದಿಟ್ಟಿಸಿ, 'ಶ್ರಿಂಪ್ ಡಂಪ್ಲಿಂಗ್. ಹೌ ಮೆನಿ?' ಎಂದಿರಿ. ಬೆಂಗಳೂರಿನಲ್ಲಿ ಯಾರಾದರೂ ಕಷ್ಟಪಟ್ಟು 'ಸ್ವಲ್ಪ ನೀರು ಕೊಡಿ' ಎಂದರೆ ಥಟ್ಟನೆ ಹಿಂದಿಗೋ ಇಂಗ್ಲಿಷಿಗೋ ಹೊರಳಿ ಅವರ ಉತ್ಸಾಹ ಕೊಂದ ಪಾಪ ನನ್ನ ಮೇಲೂ ಇದೆ. ಅದು ಹೀಗೆ ತೀರಿತು.

ಡಿಮ್ ಸಮ್ ಎಂಬ ಮಾತನ್ನು ಬಿಡಿಸಿದರೆ 'ಹೃದಯ ಮುಟ್ಟುವುದು' ಎಂಬ ಅರ್ಥ ಬರುತ್ತದಂತೆ. ಗುವಾಂಗ್‌ಡಾಂಗ್ ಸೀಮೆಯ ಚಹಾ ಮನೆಗಳಲ್ಲಿ ಬೆಳೆದ ತಿಂಡಿ. ಅದನ್ನು ತಿನ್ನಲು ಹೋಗುವುದಕ್ಕೆ 'ಯಮ್ ಚಾ' ಎನ್ನುತ್ತಾರೆ, ಎಂದರೆ ಚಹಾ ಕುಡಿಯುವುದು. ಬೆಳಿಗ್ಗೆ ಪೇಪರು ಹಿಡಿದು ಕೂತರೆ ಮಧ್ಯಾಹ್ನದವರೆಗೆ ಮೇಲೇಳುವ ಹಾಗಿಲ್ಲ. ಯಾರಾದರೂ ಬಟ್ಟಲಿಗೆ ಚಹಾ ಬಗ್ಗಿಸಿದರೆ ಮೇಜಿನ ಮೇಲೆ ಎರಡು ಬೆರಳಿಂದ ತಟ್ಟಿ ಕೃತಜ್ಞತೆ ಹೇಳಬೇಕು. ವೇಷ ಮರೆಸಿಕೊಂಡು ತಿರುಗುತ್ತಿದ್ದ ಚಿಯೆನ್‌ಲಾಂಗ್ ಚಕ್ರವರ್ತಿ ಚಹಾ ಬಗ್ಗಿಸಿದಾಗ ಅಡ್ಡಬೀಳಲಾಗದ ಸೇವಕ ಬೆರಳಲ್ಲೇ ಅಡ್ಡಬಿದ್ದನೆಂದು ಅದಕ್ಕೊಂದು ಕತೆ. ಇದನ್ನೆಲ್ಲ ಓದಿಕೊಂಡು ಬಂದವನಿಗೆ ನಿಮ್ಮಲ್ಲಿ ಚಹಾ ಇಲ್ಲ, ಬಟ್ಟಲಿಲ್ಲ, ತಟ್ಟಲು ಮೇಜಿಲ್ಲ. ಕೌಂಟರನ್ನೇ ಒಮ್ಮೆ ತಟ್ಟಿದೆ. ಅವಸರ ಮಾಡುತ್ತಿದ್ದೇನೆಂದು ತಿಳಿದು ಗದರಿದಿರಿ.

ಇನ್ನು ದುಡ್ಡಿನ ವಿಚಾರ. ಈ ನಗರದಲ್ಲಿ ಒಂದು ಕಾಫಿ ಕೊಂಡರೂ ಪುಟ್ಟ ಪರದೆಯೊಂದನ್ನು ನನ್ನ ಕಡೆ ತಿರುಗಿಸುತ್ತಾರೆ. ಹದಿನೆಂಟು, ಇಪ್ಪತ್ತು, ಇಪ್ಪತ್ತೈದು ಪರ್ಸೆಂಟ್: ಟಿಪ್ಸ್ ಎಷ್ಟೆಂದು ಒತ್ತಬೇಕು. ಒತ್ತುವವರೆಗೆ ಆ ಹುಡುಗ ಆಕಾಶ ನೋಡುತ್ತ ನಿಲ್ಲುತ್ತಾನೆ. ನಗುವಿಗೆ ಬೆಲೆ ಇದೆ, ಅದು ಬಿಲ್ಲಿನ ಕೆಳಗೆ ಬರುತ್ತದೆ. ನೀವು ಅದನ್ನು ಮಾರುವುದೇ ಇಲ್ಲವಾದ್ದರಿಂದ ನನಗೆ ಕೊಳ್ಳುವ ಅವಕಾಶವೂ ಸಿಗಲಿಲ್ಲ. ಕಾರ್ಡ್ ಬಿಟ್ಟು ಬೇರೇನೂ ಬೇಡವೆನ್ನುವ ಅಂಗಡಿಗಳು ಹೆಚ್ಚಾದವೆಂದು, ಬಡವರ ನೋಟನ್ನೂ ತೆಗೆದುಕೊಳ್ಳಲೇಬೇಕೆಂದು 2019ರಲ್ಲಿ ಇಲ್ಲಿನ ನಗರಾಡಳಿತ ಕಾನೂನು ಮಾಡಿತು. ಆ ಕಾನೂನನ್ನು ನಿಮ್ಮಷ್ಟು ಶ್ರದ್ಧೆಯಿಂದ ಪಾಲಿಸುವವರನ್ನು ನಾನು ಕಂಡಿಲ್ಲ. ನೀವು ನೋಟು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ನಾನು ಕಾರ್ಡ್ ಚಾಚಿದ ದಿನ ನಿಮ್ಮ ಮುಖ ನೋಡಬೇಕಿತ್ತು, ಗಲ್ಲಾದ ಮೇಲೆ ಸತ್ತ ಹಲ್ಲಿ ಇಟ್ಟ ಹಾಗೆ.

ನಮ್ಮ ಬಸವನಗುಡಿಯ ಗೆಳೆಯನ ಪ್ರಕರಣವನ್ನೂ ಈ ಅರ್ಜಿಗೆ ಲಗತ್ತಿಸುತ್ತೇನೆ. ಅವನು ಶುದ್ಧ ಸಸ್ಯಾಹಾರಿ. 'ಇದರಲ್ಲಿ ಮಾಂಸ ಇದೆಯಾ' ಎಂದು ಕಂದು ಅಂಚಿನ ಚೌಕದ ತುಂಡೊಂದನ್ನು ತೋರಿಸಿದ. 'ನೋ ಮೀಟ್' ಎಂದಿರಿ. ಅದು ಅಕ್ಕಿಹಿಟ್ಟು, ತುರಿದ ಬಿಳಿ ಮೂಲಂಗಿ ಸೇರಿಸಿ ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ಕಾವಲಿಯ ಮೇಲೆ ಕೆಂಪಗೆ ಮಾಡಿದ ಲೊ ಬಾಕ್ ಗೋ. ಅರ್ಧ ತಿಂದ ಮೇಲೆ ಅವನ ಹಲ್ಲಿಗೆ ಒಣ ಸೀಗಡಿ ಸಿಕ್ಕಿತು. ನೀವು ಸುಳ್ಳು ಹೇಳಿದಿರೆಂದು ನಾನು ಹೇಳುವುದಿಲ್ಲ. ಒಣ ಸೀಗಡಿ ನಿಮಗೆ ನಮ್ಮ ಇಂಗಿದ್ದ ಹಾಗೆ, ಒಗ್ಗರಣೆ ಸಾಮಾನು. ಆದರೆ ಅವನು ಸಮೀಪದ ಪೋರ್ಟ್ಸ್‌ಮತ್ ಚೌಕದ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸಿದ ಪರಿ ನೋಡಿ ಇಸ್ಪೀಟು ಆಡುತ್ತಿದ್ದ ಮುದುಕರು ಆಟ ನಿಲ್ಲಿಸಿದರು.

ಅವನೇ ಎರಡು ತಿಂಗಳ ನಂತರ ನಿಮ್ಮ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಬಾಕ್ ಟೋಂಗ್ ಗೋ ಕಂಡುಹಿಡಿದ. ಅಕ್ಕಿ ಹಿಟ್ಟಿಗೆ ಸಕ್ಕರೆ ಹಾಕಿ, ಹುದುಗು ಬರಿಸಿ, ಹಬೆಯಲ್ಲಿ ಬೇಯಿಸಿದ ಬೆಳ್ಳನೆಯ ತುಂಡು. ಒಳಗೆಲ್ಲ ಜೇನುಗೂಡಿನಂಥ ತೂತು, ನಾಲಗೆಯ ಹಿಂಬದಿಗೆ ಒಂದು ಚೂರು ಹುಳಿ. ಇದು ನಿಮ್ಮ ಶುಂಡೆ ಸೀಮೆಯ ಸಿಹಿಯಂತೆ. ಅವನು ಕಣ್ಣು ಮುಚ್ಚಿ ಅಗಿದು, 'ಯಾರೋ ಇಡ್ಲಿ ಹಿಟ್ಟಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದ್ದಾರೆ ಕಣೋ' ಎಂದ. ಈಗ ನನ್ನನ್ನು ಕರೆಯದೆ ಒಬ್ಬನೇ ಬರುತ್ತಾನೆ.

ನನಗೂ ಹೀಗೆಯೇ ಆಯಿತು, ನಿಮ್ಮ ಮೇಲಿನ ಸಿಟ್ಟು ಬಿಸಿ ಆರುವ ಮೊದಲೇ ಕೈ ಜಾರಿತು. ಅಕ್ಕಿ ಹಿಟ್ಟನ್ನು ನೀರಾಗಿ ಕಲಸಿ ತಟ್ಟೆಗೆ ಹೊಯ್ದು ಹಬೆ ಕೊಟ್ಟು ಸುರುಳಿ ಸುತ್ತಿದ ಚಂಗ್ ಫನ್ ನಮ್ಮ ನೀರು ದೋಸೆಯ ದಾಯಾದಿ. ತಾವರೆ ಎಲೆಯಲ್ಲಿ ಅಂಟಕ್ಕಿಯ ಅನ್ನ ಕಟ್ಟಿ ಬೇಯಿಸಿದ ಲೊ ಮೈ ಗೈ ಬಿಚ್ಚಿದರೆ ಹಲಸಿನ ಎಲೆಯ ಕೊಟ್ಟೆ ಕಡುಬು ಬಿಚ್ಚಿದಾಗಿನದೇ ಹಸಿರು ಘಮ. ಹಂದಿಮಾಂಸ ತುಂಬಿದ ಚಾ ಸಿಯು ಬಾವ್ ಮಾತ್ರ ನನ್ನನ್ನು ಸ್ವಲ್ಪ ಕಾಡಿತು. ನಮ್ಮ ಕಡೆ ಗೌಡರ ಮನೆಗಳಲ್ಲಿ ಅಕ್ಕಿ ಕಡುಬು, ಹಂದಿ ಸಾರು ಎಂದರೆ ನೆಂಟರು ಊಟ ಮುಗಿಸಿಯೂ ಹೊರಡುವುದಿಲ್ಲ. ನಾವು ಕಡುಬು ಒಂದು ಕಡೆ, ಸಾರು ಒಂದು ಕಡೆ ಬಡಿಸುತ್ತೇವೆ. ಸಾರಿಗೆ ಸಿಹಿ ಸುರಿದು, ಗೋಧಿ ಹಿಟ್ಟಿನ ಕಡುಬಿನ ಹೊಟ್ಟೆಯೊಳಗೇ ಸೇರಿಸಿ ಬಾಯಿ ಮುಚ್ಚುವುದು ನ್ಯಾಯವೇ? ಎರಡು ಕೊಂಡಿದ್ದೆ. ನ್ಯಾಯ ತೀರ್ಮಾನಿಸಲು ಇನ್ನೆರಡು ಕೊಳ್ಳಬೇಕಾಯಿತು. ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದರೆ ಅವಳು ಕೇಳಿದ್ದು ಒಂದೇ: 'ಹಬೇಲಿ ಬೇಯ್ಸಿದ್ದಾ? ಹಂಗಾದ್ರೆ ಏನೂ ಆಗಲ್ಲ, ತಿನ್ನು.'

ಹಾ ಗಾವ್ ಬಗ್ಗೆ ತಾಂತ್ರಿಕ ದೂರೊಂದಿದೆ. ಗೋಧಿಯ ಪಿಷ್ಟ, ಮರಗೆಣಸಿನ ಪಿಷ್ಟ ಸೇರಿಸಿ ಕುದಿನೀರಲ್ಲಿ ನಾದಿದ ಆ ತೊಗಲು ಬೆಂದ ಮೇಲೆ ಒಳಗಿನ ಸೀಗಡಿಯ ಕೆಂಪು ಕಾಣುವಷ್ಟು ತಿಳಿಯಾಗಬೇಕು, ಕಡ್ಡಿಯಿಂದ ಎತ್ತಿದರೆ ಹರಿಯಬಾರದು, ಮಡಿಕೆ ಏಳಕ್ಕೆ ಕಡಿಮೆ ಇರಬಾರದು ಎಂದು ಬಲ್ಲವರು ಪರೀಕ್ಷೆ ಇಟ್ಟಿದ್ದಾರೆ. ಅದು ಬಿದಿರ ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಬಂದು ಕೂತಾಗಿನ ಪರೀಕ್ಷೆ. ನೀವು ನನ್ನ ಮೂರು ಹಾ ಗಾವ್ ಅನ್ನೂ ಪಾರ್ಸೆಲ್ ಡಬ್ಬಿಗೆ ಒಟ್ಟಿಗೆ ಬೀಳಿಸಿ ಮುಚ್ಚಳ ಒತ್ತುತ್ತೀರಿ. ಚೌಕದ ಬೆಂಚು ತಲುಪುವುದರೊಳಗೆ ಅವು ಕೂಡುಕುಟುಂಬವಾಗಿರುತ್ತವೆ. ಒಂದನ್ನು ಎತ್ತಿದರೆ ಉಳಿದೆರಡರ ಚರ್ಮ ಜೊತೆಗೆ ಬರುತ್ತದೆ. ಅದಕ್ಕೇ ನಾನು ಬೆಂಚಿನವರೆಗೆ ಹೋಗುವುದನ್ನು ಬಿಟ್ಟೆ. ನಿಮ್ಮ ಬಾಗಿಲ ಪಕ್ಕ, ಗೋಡೆಗೊರಗಿ, ಡಬ್ಬಿಯನ್ನು ಗಲ್ಲದ ಹತ್ತಿರ ಹಿಡಿದು ತಿನ್ನುತ್ತೇನೆ. ಜಯನಗರದಲ್ಲಿ 1980ರ ದಶಕದಲ್ಲಿ ದರ್ಶಿನಿಗಳು ಶುರುವಾದಾಗಿನಿಂದ ನಿಂತು ತಿನ್ನುವುದರಲ್ಲಿ ನಮ್ಮವರಿಗೆ ಒಳ್ಳೆಯ ತರಬೇತಿ ಇದೆ. ಅಲ್ಲಿನ ಗಲ್ಲಾದ ಯಜಮಾನರೂ ಟೋಕನ್ ಹರಿದು ಎಸೆಯುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಈಗ ನೆನಪಾಗುತ್ತದೆ. ಆಗ ಅದು ಅವಮಾನವೆಂದು ಯಾರಿಗೂ ಹೊಳೆದಿರಲಿಲ್ಲ.

ನನಗೆ ನಗುವೇ ಬೇಕಿದ್ದರೆ ಒಂದು ಬೀದಿ ಆಚೆ ಗ್ರಾಂಟ್ ಅವೆನ್ಯೂಗೆ ಹೋಗಬಹುದೆಂದು ನೀವು ಹೇಳಬಹುದು. ಹೋಗಿದ್ದೆ. 1970ರಲ್ಲಿ ಕಟ್ಟಿದ ಡ್ರ್ಯಾಗನ್ ದ್ವಾರ, ಕೆಂಪು ಲಾಂದ್ರ, ಗೋಪುರದಂತೆ ಅಂಚು ಮೇಲೆ ತಿರುಗಿಸಿದ ಚಾವಣಿಗಳು. ಆ ಚಾವಣಿಗಳ ಶೈಲಿ ಚೀನಾದಿಂದ ಬಂದದ್ದೆಂದೇ ಬಹಳ ಕಾಲ ನಂಬಿದ್ದೆ. 1906ರ ಭೂಕಂಪ, ಬೆಂಕಿಯಲ್ಲಿ ಚೈನಾಟೌನ್ ಬೂದಿಯಾದಾಗ ಊರಿನ ದೊಡ್ಡವರು ಇದೇ ಸಮಯವೆಂದು ಚೀನೀಯರನ್ನೆಲ್ಲ ದೂರದ ಹಂಟರ್ಸ್ ಪಾಯಿಂಟಿಗೆ ಸಾಗಿಸಲು ಹೊರಟಿದ್ದರು. ವರ್ತಕರು ಬಿಳಿಯ ವಾಸ್ತುಶಿಲ್ಪಿಗಳನ್ನೇ ಹಿಡಿದು, ಬಿಳಿಯರ ಕನಸಿನ ಚೀನಾದ ಹಾಗೆ ಕಟ್ಟಡ ಎಬ್ಬಿಸಿದರು. ನೋಡಲು ಜನ ಬಂದರು, ಜಾಗ ಉಳಿಯಿತು. 1882ರಿಂದ 1943ರವರೆಗೆ ನಿಮ್ಮ ಕೂಲಿಕಾರರು ಈ ದೇಶದೊಳಗೆ ಬರಬಾರದೆಂದು ಕಾನೂನೇ ಇದ್ದ ಕಾಲ ಅದು. 1917ರಲ್ಲಿ ನಮ್ಮವರಿಗೂ ಬಾಗಿಲು ಹಾಕಿದರು. 1965ರ ಕಾನೂನು ಬಂದು ಅದು ಚೆನ್ನಾಗಿ ತೆರೆದ ಮೇಲೆ, ನಿಮ್ಮವರು ಕಾದು ಕೂತ ಹೊಸ್ತಿಲನ್ನು ನನ್ನಂಥ ಇಂಜಿನಿಯರ್‌ಗಳು ವಿಮಾನದಿಂದಿಳಿದು ದಾಟಿದೆವು. ಹಾಗೆ ಬಂದವನು ಈಗ ನಿಂತು ಕೇಳುತ್ತಿದ್ದೇನೆ: ಅಮ್ಮಾ, ನೀವು ಯಾಕೆ ನಗುವುದಿಲ್ಲ? ಆ ಬೀದಿಯ ಚಾವಣಿಗಳು ನೂರು ವರ್ಷದಿಂದ ನಿಮ್ಮ ಪರವಾಗಿ ನಗುತ್ತಿವೆ. ನಿಮ್ಮ ಬೀದಿ ಅಡುಗೆಮನೆ. ಅಡುಗೆಮನೆಯಲ್ಲಿ ಯಾರು ಹಲ್ಲು ಕಿರಿಯುತ್ತಾರೆ?

ದೂರು ಎಲ್ಲಿಗೋ ಹೋಯಿತು. ಕ್ಷಮಿಸಿ.

ಈಗ ಕೊನೆಯ ಘಟನೆ. ಹೋದ ಗುರುವಾರ, ಹನ್ನೆರಡೂವರೆ. ಮಳೆ. ಕೈಯಲ್ಲಿ ಮಡಿಸಿದ ಹತ್ತು ಡಾಲರ್ ನೋಟು ಸಿದ್ಧವಾಗಿ ಹಿಡಿದು, ಭುಜ ಓರೆ ಮಾಡಿ, ಇಬ್ಬರು ಅಜ್ಜಿಯರ ನಡುವೆ ಜಾಗ ಮಾಡಿಕೊಂಡಿದ್ದೆ. ನನ್ನ ಮುಂದೆ ಕೊರಳಲ್ಲಿ ಆಫೀಸ್ ಬ್ಯಾಡ್ಜ್ ನೇತಾಡಿಸಿಕೊಂಡ ಹುಡುಗನೊಬ್ಬ ನಿಂತಿದ್ದ. ನಮ್ಮ ಕಡೆಯವನೇ ಇರಬೇಕು, ಅವನು ಫೋನಿನಲ್ಲಿ 'ಇರು ಮಗಾ, ಆರ್ಡರ್ ಮಾಡ್ತಿದೀನಿ' ಎಂದದ್ದು ಕೇಳಿಸಿತು. ನೀವು 'ನೆಕ್ಸ್ಟ್' ಎಂದಿರಿ. ಅವನು ನಗುತ್ತ, ಇಲ್ಲಿ ಯಾವುದು ಚೆನ್ನಾಗಿರುತ್ತದೆಂದು ನಿಮ್ಮನ್ನೇ ಕೇಳಿದ. ನಿಮ್ಮ ಕಣ್ಣು ಅವನ ಹೆಗಲ ಮೇಲಿಂದ ನನ್ನ ಕಡೆ ಬಂತು.

ಕನ್ನಡದಲ್ಲಿ ಒಂದು ಮಾತು ಹೇಳಿ ಅವನಿಗೆ ಸಹಾಯ ಮಾಡಬಹುದಿತ್ತು. 'ಹಾ ಗಾವ್ ಮೂರು, ಬಾವ್ ಎರಡು' ಎಂದೆ, ನಿಮಗೆ. ಡಬ್ಬಿ ಬಂತು, ಚಿಲ್ಲರೆ ಬಂತು. ಅವನನ್ನು ಬಳಸಿಕೊಂಡು ಹೊರಗೆ ಹೋದೆ.

ಇಂತಿ ತಮ್ಮ ವಿಶ್ವಾಸಿ,
ನೆಕ್ಸ್ಟ್

ವಿ.ಸೂ.: ಅವತ್ತು ಖಾರದ ಸಾಸು ಕೇಳಿದ್ದೆ. ಹಾಕಿರಲಿಲ್ಲ.